ಸಹಾಯ ಬೇಕು: ತಮ್ಮನಿಗೆ ಮೂರನೇ ಬಾರಿ ಕಾಮಾಲೆ, ಕಾರಣ ಇನ್ನೂ ಖಚಿತವಾಗಿಲ್ಲ

ನಮಸ್ಕಾರ. ನನ್ನ ತಮ್ಮನಿಗೆ 19 ವರ್ಷ. ಐದು ವರ್ಷಗಳಲ್ಲಿ ಇದು ಮೂರನೇ ಕಾಮಾಲೆ. ಪ್ರತಿ ಸಲವೂ ಮೊದಲು ಮೈಯೆಲ್ಲ ತುರಿಕೆ, ಎರಡು ವಾರಗಳ ನಂತರ ಕಣ್ಣು ಹಳದಿ. ಒಂದೆರಡು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನಡುವಿನ ದಿನಗಳಲ್ಲಿ ಎಲ್ಲ ಪರೀಕ್ಷೆಯೂ ಸಹಜ. ಈಗ ರಾತ್ರಿಯಿಡೀ ಅಂಗೈಯನ್ನು ಬಾಚಣಿಗೆಯಿಂದ ಕೆರೆದುಕೊಳ್ಳುತ್ತಾನೆ. ಬೆಳಿಗ್ಗೆ ಹೊದಿಕೆಯ ಮೇಲಿನ ರಕ್ತದ ಗೀರುಗಳನ್ನು ನೋಡಿದರೆ ಕರುಳು ಕಿವುಚಿದಂತಾಗುತ್ತದೆ.

ಕಣ್ಣನ್ನು ಹಳದಿಯಾಗಿಸುವ ಬಿಲಿರುಬಿನ್ ಒಟ್ಟು 16, ಅದರಲ್ಲಿ ನೇರ (ಯಕೃತ್ತು ಸಂಸ್ಕರಿಸಿದ) ಬಿಲಿರುಬಿನ್ 11. ಯಕೃತ್ತಿನ ಪರೀಕ್ಷೆಯ ಕಿಣ್ವಗಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ಹೆಚ್ಚಿದೆ, ಜಿಜಿಟಿ ಮಾತ್ರ ಸಹಜ. ವೈರಸ್ ಸೋಂಕಿಲ್ಲ, ರಕ್ತದಲ್ಲಿ ತಾಮ್ರ ಸಾಗಿಸುವ ಪ್ರೋಟೀನ್ ಸೆರುಲೋಪ್ಲಾಸ್ಮಿನ್ ಸರಿಯಿದೆ, ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್‌ನಲ್ಲಿ ಪಿತ್ತನಾಳಕ್ಕೆ ಅಡ್ಡಿ ಕಂಡಿಲ್ಲ.

ಹಿಂದೊಬ್ಬ ವೈದ್ಯರು ಇದು ಗಿಲ್ಬರ್ಟ್ ಎಂಬ ನಿರುಪದ್ರವಿ ಆನುವಂಶಿಕ ಸ್ಥಿತಿ ಎಂದು ಹೇಳಿ ಕಳುಹಿಸಿದ್ದರು. ಆದರೆ ಗಿಲ್ಬರ್ಟ್‌ನಲ್ಲಿ ಏರುವುದು ಪರೋಕ್ಷ (ಯಕೃತ್ತು ಇನ್ನೂ ಸಂಸ್ಕರಿಸದ) ಬಿಲಿರುಬಿನ್, ಅದೂ ಸ್ವಲ್ಪವೇ. ಡ್ಯೂಬಿನ್-ಜಾನ್ಸನ್ ಮತ್ತು ರೋಟರ್ ಎಂಬ ಆನುವಂಶಿಕ ಸ್ಥಿತಿಗಳಲ್ಲಿ ನೇರ ಬಿಲಿರುಬಿನ್ ಏರಿದರೂ ಇಂಥ ತುರಿಕೆ ಇರುವುದಿಲ್ಲ. ಈಗಿನ ವೈದ್ಯರಿಗೆ ಬ್ರಿಕ್, ಅಂದರೆ ಪಿತ್ತರಸದ ಹರಿವು ಯಕೃತ್ತಿನೊಳಗೇ ಆಗಾಗ ಕುಂಠಿತಗೊಳ್ಳುವ ಆನುವಂಶಿಕ ಕಾಯಿಲೆಯ ಅನುಮಾನ. ಎಟಿಪಿ8ಬಿ1, ಎಬಿಸಿಬಿ11 ಜೀನ್‌ಗಳ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಅಪ್ಪ ಅಮ್ಮ ಇಬ್ಬರಿಗೂ ಕಾಮಾಲೆ ಬಂದಿಲ್ಲ, ಆದರೆ ಇಬ್ಬರೂ ವಾಹಕರಾಗಿರಬಹುದಂತೆ, ಅಂದರೆ ಕಾಯಿಲೆ ಬಾರದೆಯೂ ದೋಷದ ಜೀನ್‌ನ ಒಂದು ಪ್ರತಿ ಹೊತ್ತಿರಬಹುದಂತೆ.

ಈ ಪರೀಕ್ಷೆ ಮಾಡಿಸಿದವರು ಇದ್ದೀರಾ? ವರದಿಯಲ್ಲಿ ‘ಅರ್ಥ ಅನಿಶ್ಚಿತ’ (ಕಾಯಿಲೆಗೆ ಕಾರಣವೋ ಅಲ್ಲವೋ ತಿಳಿಯದ) ಎಂಬ ಜೀನ್ ಬದಲಾವಣೆ ಬಂದಿದ್ದರೆ, ತಂದೆತಾಯಿಯ ರಕ್ತ ಪರೀಕ್ಷೆಯಿಂದ ಸ್ಪಷ್ಟವಾಯಿತೇ? ಯಕೃತ್ತಿನ ಬಯಾಪ್ಸಿ ಬೇಕಾಯಿತೇ? ರಿಫಾಂಪಿಸಿನ್ ಅಥವಾ ಕೊಲೆಸ್ಟಿರಮಿನ್‌ನಿಂದ ತುರಿಕೆ ಇಳಿದಿದ್ದರೆ ಅದನ್ನೂ ದಯವಿಟ್ಟು ತಿಳಿಸಿ, ವೈದ್ಯರೊಂದಿಗೆ ಚರ್ಚಿಸುತ್ತೇನೆ. ನಾಟಿ ಔಷಧಿ ಸೂಚಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅವನ ಯಕೃತ್ತಿಗೆ ಇನ್ನೊಂದು ಹೊರೆ ಬೇಡ.