ಹಳೆಯ ಕಾರಿನ ಚಾಸಿಗೆ ಮನೆಯಲ್ಲೇ ಗ್ರೀಸ್: ಎರಡು ನಿಪ್ಪಲ್ ಗ್ರೀಸ್ ತಗೊಳ್ತಿಲ್ಲ

ಹಳೇಚಕ್ರ (ಪ್ರಶ್ನೆ)

1950ರ ದಶಕದ ಕಾರು. ಮುಂದೆ ಬೀಮ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಅಡ್ಡ ತೊಲೆ), ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಪಿನ್). ಮುಂದೂ ಹಿಂದೂ ಲೀಫ್ ಸ್ಪ್ರಿಂಗ್, ಎಲ್ಲ ಶ್ಯಾಕಲ್‌ಗೂ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿದಿರೋ ಕೊಂಡಿ) ನಿಪ್ಪಲ್ (ಗ್ರೀಸ್ ತುಂಬೋ ಸಣ್ಣ ಮೂತಿ) ಇದೆ. ಎಡಗಡೆ ಕಿಂಗ್ ಪಿನ್ನಿನ ಕೆಳಗಿನ ನಿಪ್ಪಲ್ಲು, ಹಿಂದಿನ ಒಂದು ಶ್ಯಾಕಲ್ಲು ಗ್ರೀಸನ್ನೇ ತಗೊಳ್ತಿಲ್ಲ. ಗ್ರೀಸ್ ಗನ್ ಒತ್ತಿದ್ರೆ ಕಪ್ಲರ್ (ನಿಪ್ಪಲ್ಲಿಗೆ ಕೂರೋ ಗನ್ನಿನ ತುದಿ) ಸುತ್ತ ಹೊರಗೆ ಬರುತ್ತೆ. ಯಾವ ಗ್ರೀಸ್ ಹಾಕಬೇಕು, ಒಂದೊಂದಕ್ಕೆ ಎಷ್ಟು? ಗಾಡಿ ನೆಲದ ಮೇಲಿದ್ದಾಗಲೇ ಹೊಡೀಬಹುದಾ?

ಕಮಾನುಪಟ್ಟಿ

ನೆಲದ ಮೇಲಿಟ್ಟು ಹೊಡೀಬೇಡಿ, ನಿಮ್ಮ ಅರ್ಧ ಸಮಸ್ಯೆ ಅದೇ ಇರಬಹುದು. ಗಾಡಿಯ ಭಾರ ಪಿನ್ನನ್ನು ಬುಷ್‌ನ (ಪಿನ್ ಕೂರೋ ಕೊಳವೆಯ) ಒಂದೇ ಮಗ್ಗುಲಿಗೆ ಒತ್ತಿ ಹಿಡಿದಿರುತ್ತೆ. ಸವೆಯೋದೂ ಆ ಮಗ್ಗುಲೇ. ಗ್ರೀಸ್ ಮಾತ್ರ ಸಡಿಲ ಇರೋ ಕಡೆಯಿಂದ ನುಸುಳಿ ಹೊರಗೆ ಬಂದುಬಿಡುತ್ತೆ. ಹೊಸ ಗ್ರೀಸ್ ಕಾಣಿಸ್ತಲ್ಲ ಅಂತ ನಾವು ಸಮಾಧಾನ ಪಟ್ಕೋತೀವಿ, ಒಳಗೆ ಭಾರ ಹೊರೋ ಜಾಗ ಒಣಗೇ ಇರುತ್ತೆ.

ಶ್ಯಾಕಲ್‌ಗಳಿಗೆ ಹೊಡೆಯುವಾಗ ಸ್ಟ್ಯಾಂಡುಗಳನ್ನು ಚಾಸಿ ಫ್ರೇಮಿನ ಕೆಳಗೆ ಕೊಡಿ, ಆಕ್ಸಲ್ ಜೋತುಬೀಳಲಿ. ಆಗ ಭಾರ ಬೀಳ್ತಿದ್ದ ಮಗ್ಗುಲಿನ ಸಂದು ತೆರೆದುಕೊಳ್ಳುತ್ತೆ. ಕಿಂಗ್ ಪಿನ್ನಿಗೆ ಚಕ್ರ ನೆಲ ಬಿಟ್ಟಿದ್ರೆ ಸಾಕು. ಸ್ವಲ್ಪ ಹೊಡೆದು, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಮತ್ತೆ ಹೊಡೀರಿ. ಬರೀ ಜಾಕ್ ಮೇಲೆ ನಿಂತಿರೋ ಗಾಡಿಯ ಕೆಳಗೆ ಮಾತ್ರ ಯಾವತ್ತೂ ತಲೆ ಹಾಕಬೇಡಿ.

ಎಷ್ಟು ಅನ್ನೋದನ್ನ ಕಣ್ಣಲ್ಲೇ ನೋಡಿ ತೀರ್ಮಾನಿಸಬೇಕು. ಕೈ ಗನ್ ಒಂದು ಸಲ ಒತ್ತಿದ್ರೆ ಸುಮಾರು 1 ಗ್ರಾಂ ಕೊಡುತ್ತೆ, ಆದ್ರೆ ಗನ್ನಿಂದ ಗನ್ನಿಗೆ ವ್ಯತ್ಯಾಸ ಇದೆ. 10 ಸಲ ಒತ್ತಿ ತೂಗಿದ್ರೆ ನಿಮ್ಮದರ ಲೆಕ್ಕ ಸಿಗುತ್ತೆ. ಪಿನ್ನು, ಶ್ಯಾಕಲ್‌ಗಳಲ್ಲಿ ಹಳೇ ಕಪ್ಪು ಗ್ರೀಸ್ ಪೂರ್ತಿ ಹೋಗಿ ಹೊಸದರ ಬಣ್ಣ ಕಾಣೋವರೆಗೂ ಹೊಡೀರಿ. ಟೈ ರಾಡ್ ಎಂಡ್‌ಗೆ (ಸ್ಟೀರಿಂಗ್ ಸರಳಿನ ತುದಿಯ ಕೀಲು) ರಬ್ಬರ್ ಬೂಟ್ ಇದ್ರೆ, ಅದು ಸ್ವಲ್ಪ ಉಬ್ಬಿದ ಕೂಡಲೇ ನಿಲ್ಲಿಸಿ. ಹರಿದ ಬೂಟಿನೊಳಕ್ಕೆ ನೀರು, ಮಣ್ಣು ಹೋಗೋದು ಗ್ರೀಸ್ ಕಮ್ಮಿಯಾಗೋದಕ್ಕಿಂತ ಕೆಟ್ಟದ್ದು.

ಗ್ರೀಸ್: ಎನ್‌ಎಲ್‌ಜಿಐ 2 (ಗ್ರೀಸ್ ಎಷ್ಟು ಗಟ್ಟಿ ಅನ್ನೋ ಅಳತೆ) ದರ್ಜೆಯ ಲಿಥಿಯಂ ಸಾಕು. ಜೇಡಿ ಆಧಾರದ ಬೆಂಟೋನ್ ಗ್ರೀಸಿನ ಜೊತೆ ಬೆರೆಸಬೇಡಿ, ಎರಡೂ ಸೇರಿದ್ರೆ ತೆಳುವಾಗಿ ಸೋರಿಹೋಗಬಹುದು.

ಸ್ಪ್ಯಾನರ್_ಹಿಡಿ

ಕಟ್ಟಿಕೊಂಡ ನಿಪ್ಪಲ್ ಬಗ್ಗೆ. ಮೊದಲು ವೈರ್ ಬ್ರಶ್‌ನಿಂದ ಉಜ್ಜಿ ಒರೆಸಿ. ಇಲ್ಲದಿದ್ರೆ ಮೇಲಿನ ಮಣ್ಣನ್ನೇ ಗನ್ ಒಳಕ್ಕೆ ತಳ್ಳುತ್ತೆ. ಪಿನ್ ತುದಿಯಿಂದ ನಿಪ್ಪಲ್ಲಿನ ಗುಂಡು ಒತ್ತಿ ನೋಡಿ, ಒಳಗೆ ಹೋಗಿ ವಾಪಸ್ ಚಿಮ್ಮಬೇಕು. ನಂತರ ನಿಪ್ಪಲ್ ಬಿಚ್ಚಿ, ಅದಕ್ಕಷ್ಟೇ ಗನ್ ಹಾಕಿ ಒತ್ತಿ. ಗ್ರೀಸ್ ಬಂತು ಅಂದ್ರೆ ನಿಪ್ಪಲ್ ಸರಿಯಿದೆ, ಕಟ್ಟಿರೋದು ಪಿನ್ನಿನ ಒಳದಾರಿ. ವರ್ಷಗಟ್ಟಲೆ ನಿಂತ ಗ್ರೀಸಿನಿಂದ ಎಣ್ಣೆ ಬಸಿದುಹೋಗಿ ಬರೀ ಸೋಪು (ಗ್ರೀಸನ್ನು ಮಂದ ಮಾಡೋ ಅಂಶ) ಗಟ್ಟಿಯಾಗಿ ಉಳಿದಿರುತ್ತೆ. ತಂತಿಯಿಂದ ಕೆದಕಿ, ತುಕ್ಕು ಬಿಡಿಸುವ ತೆಳು ಎಣ್ಣೆ ತುಂಬಿ ಒಂದು ರಾತ್ರಿ ಬಿಡಿ. ಮರುದಿನ ಭಾರ ತೆಗೆದು, ಚಕ್ರ ಆಡಿಸ್ತಾ ಹೊಡೀರಿ. ಬಿಸಿ ಮಾಡಬೇಕಾದ್ರೆ ಹಾಟ್ ಏರ್ ಗನ್ ಬಳಸಿ. ಬ್ರೇಕ್ ಹೋಸ್, ಪೆಟ್ರೋಲ್ ಪೈಪ್ ಪಕ್ಕದಲ್ಲಿ ಬೆಂಕಿ ಬೇಡವೇ ಬೇಡ. ಅದಕ್ಕೂ ಬಗ್ಗದಿದ್ರೆ ಪಿನ್ ಬಿಚ್ಚಲೇಬೇಕು.

ಹೊಸ ನಿಪ್ಪಲ್ ತರುವಾಗ ಮರೆ (ಥ್ರೆಡ್) ನೋಡಿ. ಕಾಲು ಇಂಚಿನ ಯುಎನ್‌ಎಫ್ (ಇಂಚು ಅಳತೆಯ ಮರೆ) ತೂತಿಗೆ ಎಂ6 (6 ಮಿ.ಮೀ.) ನಿಪ್ಪಲ್ ಸಡಿಲವಾಗಿ ಕೂತ ಹಾಗೆ ಅನಿಸುತ್ತೆ, ಒತ್ತಡ ಬಿದ್ದ ಕೂಡಲೇ ಕಿತ್ತುಬರುತ್ತೆ.

ಸೋರುವ ಕಪ್ಲರನ್ನು ಬೆರಳಲ್ಲಿ ಮುಚ್ಚಬೇಡಿ. ಕೈ ಗನ್ನಿನಲ್ಲೂ ಸಾವಿರಾರು ಪಿಎಸ್‌ಐ ಒತ್ತಡ ಬರುತ್ತೆ. ಗ್ರೀಸ್ ಚರ್ಮದೊಳಗೆ ಹೊಕ್ಕರೆ, ಗಾಯ ಸೂಜಿಮೊನೆಯಷ್ಟಿದ್ರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಳೇಚಕ್ರ

ಧನ್ಯವಾದ ಸರ್. ಮಾಲಿ (ಮಾಲಿಬ್ಡಿನಂ ಡೈಸಲ್ಫೈಡ್) ಇರೋ ಕಪ್ಪು ಗ್ರೀಸ್ ಆಗುತ್ತಾ? ಸ್ಟೀರಿಂಗ್ ಬಾಕ್ಸು, ಪ್ರೊಪೆಲ್ಲರ್ ಶಾಫ್ಟಿಗೂ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಶಾಫ್ಟು) ಅದನ್ನೇ ಹಾಕಬಹುದಾ?

ನಿಧಾನಗೇರ್

ಕಿಂಗ್ ಪಿನ್, ಶ್ಯಾಕಲ್‌ಗೆ ಮಾಲಿ ಒಳ್ಳೇದು. ಚಕ್ರದ ಬೇರಿಂಗಿಗೆ ಬೇಡ, ಅಲ್ಲಿಗೆ ಬೇರಿಂಗ್ ಗ್ರೀಸೇ ಇರಲಿ.

ಸ್ಟೀರಿಂಗ್ ಬಾಕ್ಸಿಗೆ ಕೈಪಿಡಿ ಹೇಳಿದ ಗೇರ್ ಆಯಿಲ್ಲೇ ಹಾಕಿ, ನಿಪ್ಪಲ್ ಇದ್ರೂ ಸರಿ. ಗಟ್ಟಿ ಗ್ರೀಸಿನಲ್ಲಿ ವರ್ಮ್ (ಬಾಕ್ಸಿನೊಳಗಿನ ತಿರುಪು ಗೇರ್) ತನ್ನ ದಾರಿ ಕೊರೆದುಕೊಳ್ಳುತ್ತೆ, ಗ್ರೀಸ್ ವಾಪಸ್ ಹರಿದು ಬರಲ್ಲ, ಹಲ್ಲು ಒಣಗಿ ಸವೆಯುತ್ತೆ. ಟ್ರಯಂಫ್ ಹೆರಾಲ್ಡ್‌ನ ಮುಂದಿನ ಕೆಳ ಟ್ರನಿಯನ್‌ಗೂ (ಚಕ್ರ ತಿರುಗೋ ಮರೆಯುಳ್ಳ ಕೀಲು) ಇಪಿ 90 ಗೇರ್ ಎಣ್ಣೆಯೇ ಬೇಕು. ಅಲ್ಲಿ ಗ್ರೀಸ್ ತುಂಬಿ ಮರೆ ತುಕ್ಕು ಹಿಡಿದ್ರೆ, ಓಡ್ತಿರುವಾಗಲೇ ವರ್ಟಿಕಲ್ ಲಿಂಕ್ (ಚಕ್ರವನ್ನು ಹಿಡಿದಿರೋ ನೇರ ಕಂಬ) ಮುರಿದು ಚಕ್ರ ಮಡಚಿಕೊಳ್ಳಬಹುದು.

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ (ಕೀಲಿನೊಳಗಿನ ನಾಲ್ಕು ತುದಿಯ ತುಂಡು) ಲಿಥಿಯಂ ಗ್ರೀಸ್. ನಾಲ್ಕೂ ಬೇರಿಂಗ್ ಕಪ್‌ನಿಂದ ಗ್ರೀಸ್ ಹೊರಬರಬೇಕು. ಜಾರುವ ಸ್ಪ್ಲೈನ್‌ಗೆ (ಉದ್ದುದ್ದ ಹಲ್ಲಿನ ಜೋಡಣೆ) ಎರಡು ಮೂರು ಸಲ ಒತ್ತಿದ್ರೆ ಸಾಕು. ತುಂಬಿಬಿಟ್ರೆ ಶಾಫ್ಟ್ ಒಳಸರಿಯೋಕೆ ಜಾಗವೇ ಇಲ್ಲದೆ ಗೇರ್ ಬಾಕ್ಸ್ ಬೇರಿಂಗನ್ನ ತಳ್ಳುತ್ತೆ. ಹಿಂದಿನ ಹಬ್ಬಿಗೆ ನಿಪ್ಪಲ್ ಇದ್ರೆ ಅಲ್ಲೂ ಕೈ ಬಿಗಿ ಇರಲಿ, ಸೀಲ್ ದಾಟಿದ ಗ್ರೀಸ್ ನೇರ ಬ್ರೇಕ್ ಶೂ ಮೇಲೆ ಹೋಗುತ್ತೆ. ಹ್ಯಾಂಡ್‌ಬ್ರೇಕ್ ಕೇಬಲ್‌ಗೂ ಇದೇ ಮಾತು. ರಬ್ಬರ್ ಬುಷ್ ಇರೋ ಕಡೆ ಏನೂ ಹಚ್ಚಬೇಡಿ, ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತೆ.

ಎಲ್ಲ ಮುಗಿದ ಮೇಲೆ ಹೊರಗೆ ಬಂದ ಗ್ರೀಸನ್ನು ಒರೆಸಿಬಿಡಿ, ಧೂಳು ಮೆತ್ತಿದ್ರೆ ಅದೇ ಅರೆಯೋಕೆ ಶುರು ಮಾಡುತ್ತೆ. ಆ ಕಾಲದ ಎಷ್ಟೋ ಕೈಪಿಡಿಗಳು ಮುಂಭಾಗಕ್ಕೆ ಹೇಳೋದು 1,000 ಮೈಲಿಗೊಮ್ಮೆ. ನೀರಲ್ಲಿ ಓಡಿಸಿದ್ರೆ ಅಷ್ಟು ಕಾಯಬೇಡಿ.