ಸ್ವಿಚ್ ಆನ್ ಇದ್ದರೂ ಎನ್‌ವಿಡಿಎ ‘ನಾಟ್ ಚೆಕ್ಡ್’ ಎಂದೇ ಓದುತ್ತಿದೆ: ದಯವಿಟ್ಟು ನೆರವಾಗಿ

ತುಂಗೆಯ_ದಡ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಅಡಿಕೆ ಮಂಡಿಗಳಿಗಾಗಿ ನಾನು ಬರೆದಿರುವ ಲೆಕ್ಕದ ತಂತ್ರಾಂಶವನ್ನು ತೀರ್ಥಹಳ್ಳಿಯ ಅಂಗಡಿಯೊಂದರಲ್ಲಿ ಕಣ್ಣು ಕಾಣದ ಮೇಡಂ ಒಬ್ಬರು ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದ ನೆರವಿನಿಂದ ಬಳಸುತ್ತಿದ್ದಾರೆ. ಪಟ್ಟಿ (ಬಿಲ್) ಬರೆಯುವ ಪರದೆಯಲ್ಲಿ ‘ಚೀಲದ ತೂಕ ಕಳೆ’, ‘ತೆರಿಗೆ ಸೇರಿಸು’, ‘ಕಮಿಷನ್ ಹಿಡಿ’ ಎಂಬ ಮೂರು ಸ್ವಿಚ್‌ಗಳಿವೆ. ಸ್ವಿಚ್ ಆನ್ ಇರಲಿ, ಆಫ್ ಇರಲಿ, ಎನ್‌ವಿಡಿಎ ಹೇಳುವುದು ಒಂದೇ ಮಾತು: ‘ಚೀಲದ ತೂಕ ಕಳೆ, ಚೆಕ್ ಬಾಕ್ಸ್, ನಾಟ್ ಚೆಕ್ಡ್.’

ಕಳೆದ ವಾರ ಅವರು 40 ಚೀಲ ರಾಶಿ ಅಡಿಕೆಯ ಪಟ್ಟಿ ಬರೆಯುವಾಗ ಈ ಮಾತನ್ನು ನಂಬಿ, ಆಫ್ ಇದೆಯೆಂದುಕೊಂಡು ಸ್ಪೇಸ್ ಒತ್ತಿದರು. ನಿಜಕ್ಕೂ ಅದು ಆನ್ ಇತ್ತು. ಒತ್ತಿದ್ದರಿಂದ ಆಫ್ ಆಯಿತು. ಚೀಲಕ್ಕೆ ಒಂದು ಕಿಲೋದಂತೆ ಕಳೆಯಬೇಕಾಗಿದ್ದ 40 ಕಿಲೋ ಗೋಣಿಯ ತೂಕ ಅಡಿಕೆಯ ದರದಲ್ಲೇ ಪಟ್ಟಿಗೆ ಹತ್ತಿತು. ಮಾತು ಕೇಳಬೇಕಾಗಿ ಬಂದದ್ದು ಅವರಿಗೆ, ತಪ್ಪು ನನ್ನ ತಂತ್ರಾಂಶದ್ದು. ಮೂರು ರಾತ್ರಿ ಕುಳಿತರೂ ದಾರಿ ಕಾಣುತ್ತಿಲ್ಲ. ಹೆಸರು ಕೊಟ್ಟಿದ್ದೇನೆ, ಚೆಕ್ ಬಾಕ್ಸ್ ಎಂಬ ಪಾತ್ರವನ್ನೂ (ಅದು ಯಾವ ಬಗೆಯ ವಸ್ತು ಎಂಬುದನ್ನು) ಕೊಟ್ಟಿದ್ದೇನೆ. ಇನ್ನೇನು ಕೊಡಬೇಕು?

ಕೊಡಚಾದ್ರಿ_ಜಾವಾ (ಹೊಸನಗರ)

ಇದು ಜಾವಾ ಆಕ್ಸೆಸ್ ಬ್ರಿಡ್ಜ್ ಚಾಲೂ ಆಗದಿರುವ ಸಮಸ್ಯೆ. ಜಾವಾದ ಸ್ವಿಂಗ್‌ನಲ್ಲಿ ಬರೆದ ತಂತ್ರಾಂಶ ಮತ್ತು ವಿಂಡೋಸ್‌ನ ಓದುಗ ತಂತ್ರಾಂಶಗಳ ನಡುವೆ ಈ ಸೇತುವೆ ಇರಲೇಬೇಕು. ಜಾವಾ 7ರ 6ನೇ ಅಪ್‌ಡೇಟ್‌ನಿಂದ ಅದು ಜಾವಾದ ಜೊತೆಗೇ ಬರುತ್ತದೆ, ಆದರೆ ‘ಜ್ಯಾಬ್‌ಸ್ವಿಚ್’ ಎಂಬ ಆದೇಶವನ್ನು ಒಮ್ಮೆ ಕೊಟ್ಟು ಅದನ್ನು ಎಬ್ಬಿಸಬೇಕಾಗುತ್ತದೆ. ಅದನ್ನು ಮಾಡಿ, ಯಂತ್ರವನ್ನು ಮತ್ತೆ ಶುರು ಮಾಡಿ ನೋಡಿ.

ತುಂಗೆಯ_ದಡ

ಸರ್, ಇದು ಜಾವಾ ಅಲ್ಲ.

ಕೊಡಚಾದ್ರಿ_ಜಾವಾ

ಖಚಿತವೇ? ವರದಿ ಮುದ್ರಿಸುವ ಭಾಗಕ್ಕೆ ಜಾವಾ ಬಳಸುವವರು ಬಹಳ ಮಂದಿ ಇದ್ದಾರೆ. ನನಗೆ ಇದೇ ತೊಂದರೆ ಬಂದಾಗ ಎರಡು ತಿಂಗಳು ಬೇರೆಲ್ಲವನ್ನೂ ನೋಡಿ, ಕೊನೆಗೆ ಸೇತುವೆಯೇ ಮುಚ್ಚಿತ್ತೆಂದು ತಿಳಿಯಿತು. ಆದ್ದರಿಂದ ಮೊದಲು ಆ ಆದೇಶವನ್ನು ಕೊಟ್ಟೇ ಮುಂದಿನ ಮಾತಾಡೋಣ.

ಮಂಡಗದ್ದೆ_ಹಕ್ಕಿ

ಸೇತುವೆ ಮುಚ್ಚಿದ್ದರೆ ಸ್ವಿಚ್‌ನ ಹೆಸರೂ ಕೇಳುತ್ತಿರಲಿಲ್ಲ. ಇಲ್ಲಿ ಹೆಸರು ಮತ್ತು ಪಾತ್ರ ಎರಡೂ ಸರಿಯಾಗಿ ತಲುಪುತ್ತಿವೆ, ಸ್ಥಿತಿ ಮಾತ್ರ ತಲುಪುತ್ತಿಲ್ಲ. ತುಂಗೆಯ_ದಡ ಅವರೇ, ಯಾವುದರಲ್ಲಿ ಬರೆದಿದ್ದೀರಿ, ಈ ಸ್ವಿಚ್ ಯಾವುದರಿಂದ ಹುಟ್ಟಿದೆ ಎಂಬುದನ್ನು ನೀವು ಹೇಳಿಯೇ ಇಲ್ಲ. ಅದಿಲ್ಲದೆ ಊಹೆ ಮಾಡುವುದರಲ್ಲಿ ಅರ್ಥವಿಲ್ಲ.

ತುಂಗೆಯ_ದಡ

ಕ್ಷಮಿಸಿ, ಅದು ಎಲ್ಲರಿಗೂ ತಿಳಿದೇ ಇರುತ್ತದೆ ಎಂದುಕೊಂಡೆ. ಸಿ ಶಾರ್ಪ್ ಭಾಷೆ, ಪರದೆಗಳಿಗೆ ವಿಂಡೋಸ್‌ನ ವಿನ್‌ಫಾರ್ಮ್ಸ್, ಡಾಟ್ ನೆಟ್ ಫ್ರೇಮ್‌ವರ್ಕ್ 4.6. ಸ್ವಿಚ್ ನಾನೇ ಬಿಡಿಸಿದ್ದು. ಮಂಡಿಯ ಹಿರಿಯರಿಗೆ ದೂರದಿಂದಲೇ ಕಾಣಬೇಕೆಂದು ದೊಡ್ಡದಾಗಿ, ಆನ್ ಆದರೆ ಹಸಿರು ಬಣ್ಣ, ಗುಂಡಿ ಬಲಕ್ಕೆ ಸರಿಯುವಂತೆ ಮಾಡಿದ್ದೇನೆ. ಅದು ಪರದೆಯ ಎಲ್ಲ ಗುಂಡಿ, ಖಾನೆಗಳಿಗೂ ಮೂಲವಾದ ಸಾಮಾನ್ಯ ‘ಕಂಟ್ರೋಲ್’ನಿಂದ ಹುಟ್ಟಿದೆ. ಡಿಸೈನರ್‌ನ ಗುಣಗಳ ಪಟ್ಟಿಯಲ್ಲಿ ಆಕ್ಸೆಸಿಬಲ್ ನೇಮ್ ಮತ್ತು ಆಕ್ಸೆಸಿಬಲ್ ರೋಲ್ ತುಂಬಿದ್ದೇನೆ; ಪಾತ್ರಕ್ಕೆ ‘ಚೆಕ್ ಬಟನ್’ ಆರಿಸಿದ್ದೇನೆ. ಸ್ಥಿತಿಗೆ ಅಲ್ಲಿ ಖಾನೆಯೇ ಇಲ್ಲ.

ಸಾಗರ_ಲಿನಕ್ಸ್

ವಿನ್‌ಫಾರ್ಮ್ಸ್ ಬಿಟ್ಟು, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ನಡೆಯುವ ಕ್ಯೂಟಿಗೆ ಬನ್ನಿ. ನಾನು ಮನೆಯಲ್ಲಿ ಎರಡು ಯಂತ್ರ ಇಟ್ಟುಕೊಂಡು ಒಂದರಲ್ಲಿ ಎನ್‌ವಿಡಿಎ, ಇನ್ನೊಂದರಲ್ಲಿ ಲಿನಕ್ಸ್‌ನ ಓದುಗ ತಂತ್ರಾಂಶ ಓರ್ಕಾ ಹಾಕಿ, ಒಂದೇ ಕೋಡ್‌ನಿಂದ ಎರಡೂ ಕಡೆ ಪರೀಕ್ಷಿಸುತ್ತೇನೆ. ಕ್ಯೂಟಿ 5.11ರಿಂದ ವಿಂಡೋಸ್‌ನಲ್ಲಿ ಯುಐ ಆಟೊಮೇಷನ್ ಎಂಬ ವ್ಯವಸ್ಥೆಯ ಮೂಲಕವೇ ಓದುಗ ತಂತ್ರಾಂಶಕ್ಕೆ ಮಾಹಿತಿ ಹೋಗುತ್ತದೆ.

ಮಂಡಗದ್ದೆ_ಹಕ್ಕಿ

ಕ್ಯೂಟಿಯಲ್ಲೂ ನೀವೇ ಬಿಡಿಸಿದ ಸ್ವಿಚ್‌ಗೆ ಸ್ಥಿತಿಯನ್ನು ನೀವೇ ಹೇಳಿಕೊಡಬೇಕು, ಬದಲಾದಾಗ ಸುದ್ದಿಯನ್ನೂ ನೀವೇ ಕಳಿಸಬೇಕು. ಮನೆ ಬದಲಿಸಿದರೂ ಕೆಲಸ ಉಳಿದೇ ಇರುತ್ತದೆ.

ತಗಡುಮನೆ (ಕೊಪ್ಪ)

ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಸ್ವಿಚ್ ಬದಲಾದಾಗಲೆಲ್ಲ ಹೆಸರನ್ನೇ ಬದಲಿಸಿ: ‘ಚೀಲದ ತೂಕ ಕಳೆ ಆನ್’, ‘ಚೀಲದ ತೂಕ ಕಳೆ ಆಫ್’. ಒಂದೇ ಸಾಲಿನ ಕೆಲಸ. ನಾನು ನಾಲ್ಕು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇನೆ, ಯಾರೂ ದೂರಿಲ್ಲ.

ಕಿವಿಯೋದು (ಭದ್ರಾವತಿ)

ನಾನು ಹನ್ನೊಂದು ವರ್ಷಗಳಿಂದ ಎನ್‌ವಿಡಿಎ ಬಳಸುತ್ತಿರುವ, ಪೂರ್ತಿ ದೃಷ್ಟಿಯಿಲ್ಲದ ವ್ಯಕ್ತಿ. ತಗಡುಮನೆ ಅವರೇ, ಯಾರೂ ದೂರಿಲ್ಲವೆಂದರೆ ತೊಂದರೆ ಇಲ್ಲವೆಂದು ಅರ್ಥವಲ್ಲ. ದೂರುವುದು ಬಿಟ್ಟು ಹೇಗೋ ನಿಭಾಯಿಸಿಕೊಂಡು ಹೋಗುವುದು ನಮಗೆ ಅಭ್ಯಾಸವಾಗಿದೆ. ನೀವು ಹೇಳಿದಂತೆ ಮಾಡಿದರೆ ಇವರ ಸ್ವಿಚ್‌ನಲ್ಲಿ ನನಗೆ ಕೇಳುವುದು ‘ಚೀಲದ ತೂಕ ಕಳೆ ಆನ್, ಚೆಕ್ ಬಾಕ್ಸ್, ನಾಟ್ ಚೆಕ್ಡ್’ ಎಂದು. ಒಂದೇ ಉಸಿರಿನಲ್ಲಿ ಆನ್ ಎಂದೂ ಇಲ್ಲವೆಂದೂ ಹೇಳಿದರೆ ನಾನು ಯಾವುದನ್ನು ನಂಬಲಿ?

ಸ್ಥಿತಿಯನ್ನು ಸ್ಥಿತಿಯಾಗಿಯೇ ಕೊಟ್ಟ ತಂತ್ರಾಂಶದಲ್ಲಿ ಸ್ಪೇಸ್ ಒತ್ತಿದ ತಕ್ಷಣ ‘ಚೆಕ್ಡ್’ ಎಂಬ ಒಂದೇ ಪದ ಕೇಳುತ್ತದೆ, ನಾನು ಮುಂದೆ ಹೋಗುತ್ತೇನೆ. ಹೆಸರಿನಲ್ಲಿ ಸೇರಿಸಿದರೆ ಪ್ರತಿ ಸಲ ಇಡೀ ಹೆಸರನ್ನು ಕೇಳಿಸಿಕೊಂಡು, ಕೊನೆಯ ಪದಕ್ಕಾಗಿ ಕಾಯಬೇಕು. ದಿನಕ್ಕೆ ನೂರಾರು ಸಲ ಈ ಕಾಯುವಿಕೆ ಎಂದರೆ ಏನೆಂದು ದಯವಿಟ್ಟು ಯೋಚಿಸಿ. ಬ್ರೈಲ್ ಸಾಧನದಲ್ಲಂತೂ ಸ್ಥಿತಿಗೆ ಚಿಕ್ಕದೊಂದು ಗುರುತು ಸಾಕು. ಹೆಸರಿಗೆ ಅಂಟಿಸಿದ ಪದಗಳು ಇರುವ ಕೆಲವೇ ಕೋಶಗಳನ್ನು (ಅಕ್ಷರದ ಮನೆಗಳನ್ನು) ತಿಂದುಹಾಕುತ್ತವೆ.

ತಗಡುಮನೆ

ಬ್ರೈಲ್ ಸಾಧನ ಎಷ್ಟು ಜನರ ಬಳಿ ಇದೆ? ಮಲೆನಾಡಿನ ಮಂಡಿಯೊಂದರಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಮಂಡಗದ್ದೆ_ಹಕ್ಕಿ

ಹಿಡಿಯಬೇಕು. ಹೆಸರು, ಪಾತ್ರ, ಸ್ಥಿತಿ ಎಂಬ ಮೂರನ್ನು ಬೇರೆಬೇರೆಯಾಗಿ ಕೊಡುವ ಕ್ರಮ ವಿಂಡೋಸ್‌ನಲ್ಲಿ ಓದುಗ ತಂತ್ರಾಂಶಗಳಿಗೆ ಮಾಹಿತಿ ಕೊಡುವ 1997ರ ಆಕ್ಟಿವ್ ಆಕ್ಸೆಸಿಬಿಲಿಟಿ ವ್ಯವಸ್ಥೆಯಿಂದಲೂ ಇದೆ. ಕೇಳುವವರಿಗೆ ಮಾತಾಗಿ, ಮುಟ್ಟುವವರಿಗೆ ಚುಕ್ಕಿಯಾಗಿ ಹೇಗೆ ಒಪ್ಪಿಸಬೇಕೆಂಬುದನ್ನು ಓದುಗ ತಂತ್ರಾಂಶ ನೋಡಿಕೊಳ್ಳುತ್ತದೆ. ಈ ವಾದವನ್ನು ಇಲ್ಲಿಗೆ ನಿಲ್ಲಿಸೋಣ.

ತುಂಗೆಯ_ದಡ ಅವರೇ, ಒಂದು ಕೆಲಸ ಮಾಡಿ. ಸ್ವಿಚ್ ಆನ್ ಮಾಡಿ, ಫೋಕಸ್ ಅದರ ಮೇಲೇ ಇರುವಾಗ ಎನ್‌ವಿಡಿಎ ಕೀಲಿಯೊಂದಿಗೆ ಎಫ್1 ಒತ್ತಿರಿ. ಲಾಗ್ ತೆರೆದುಕೊಂಡು ಆ ವಸ್ತುವಿನ ವಿವರಗಳೆಲ್ಲ ಬರುತ್ತವೆ. ಅದರಲ್ಲಿ ‘ಆಕ್ ಸ್ಟೇಟ್’ ಎಂದಿರುವ ಸಾಲನ್ನು ನೋಡಿ, ಏನಿದೆಯೆಂದು ಬರೆಯಿರಿ.

ತುಂಗೆಯ_ದಡ

ನೋಡಿದೆ. ಫೋಕಸ್ಡ್ ಮತ್ತು ಫೋಕಸಬಲ್ ಎಂಬ ಪದಗಳಿವೆ, ಚೆಕ್ಡ್ ಇಲ್ಲ; ದಶಮಾನದಲ್ಲಿ 1048580. ಸ್ವಿಚ್ ಆಫ್ ಮಾಡಿದರೂ ಅದೇ ಸಂಖ್ಯೆ.

ಮಂಡಗದ್ದೆ_ಹಕ್ಕಿ

ಉತ್ತರ ಅದರಲ್ಲೇ ಇದೆ. 1048576 ಎಂದರೆ ಫೋಕಸ್ ಪಡೆಯಬಲ್ಲದು, 4 ಎಂದರೆ ಈಗ ಫೋಕಸ್ ಇದೆ. ‘ಚೆಕ್ಡ್’ಗೆ 16, ಅದು ಸೇರಿದ್ದರೆ 1048596 ಬರಬೇಕಿತ್ತು. ನಿಮ್ಮ ಹಸಿರು ಬಣ್ಣ ಪರದೆಯ ಮೇಲಿನ ಚಿತ್ರ ಮಾತ್ರ; ಆ 16 ಎಲ್ಲಿಯೂ ಹುಟ್ಟುತ್ತಿಲ್ಲ. ಇದರಲ್ಲಿ ಇನ್ನೊಂದು ಅಪಾಯವಿದೆ. ಪಾತ್ರ ಚೆಕ್ ಬಾಕ್ಸ್ ಆಗಿದ್ದು ಚೆಕ್ಡ್ ಎಂಬ ಗುರುತು ಇಲ್ಲದಿದ್ದರೆ ಎನ್‌ವಿಡಿಎ ಅದನ್ನು ‘ನಾಟ್ ಚೆಕ್ಡ್’ ಎಂದೇ ಓದುತ್ತದೆ, ಮತ್ತು ಹಾಗೆ ಓದುವುದೇ ಸರಿ. ನೀವು ಪಾತ್ರವನ್ನು ಕೊಡದೇ ಇದ್ದಿದ್ದರೆ ಅದು ಸ್ಥಿತಿಯ ಬಗ್ಗೆ ಸುಮ್ಮನಿರುತ್ತಿತ್ತು. ಪಾತ್ರ ಕೊಟ್ಟು ಸ್ಥಿತಿ ಕೊಡದೆ ಇದ್ದುದರಿಂದ ಸುಳ್ಳು ಹೇಳುವಂತಾಯಿತು.

ಮಾಡಬೇಕಾದದ್ದು: ಕಂಟ್ರೋಲ್‌ನ ‘ಕ್ರಿಯೇಟ್ ಆಕ್ಸೆಸಿಬಿಲಿಟಿ ಇನ್‌ಸ್ಟನ್ಸ್’ ಎಂಬ ವಿಧಾನವನ್ನು ಓವರ್‌ರೈಡ್ ಮಾಡಿ, ‘ಕಂಟ್ರೋಲ್ ಆಕ್ಸೆಸಿಬಲ್ ಆಬ್ಜೆಕ್ಟ್’ನಿಂದ ಹುಟ್ಟಿದ ನಿಮ್ಮದೇ ವಸ್ತುವನ್ನು ಹಿಂದಿರುಗಿಸಿ. ಆ ವಸ್ತುವಿನ ‘ಸ್ಟೇಟ್’ ಗುಣದಲ್ಲಿ, ಮೂಲ ವರ್ಗದ ಸ್ಟೇಟ್ ಏನಿದೆಯೋ ಅದಕ್ಕೆ ಚೆಕ್ಡ್ ಗುರುತನ್ನು ಸೇರಿಸಿ ಕೊಡಿ. ಸೇರಿಸಿ ಎಂಬುದನ್ನು ಗಮನಿಸಿ. ಚೆಕ್ಡ್ ಒಂದನ್ನೇ ಕೊಟ್ಟರೆ ಫೋಕಸ್ ಗುರುತುಗಳು ಅಳಿಸಿಹೋಗುತ್ತವೆ. ಆ ವಸ್ತು ಒಮ್ಮೆ ಮಾತ್ರ ಹುಟ್ಟುತ್ತದೆ, ಆದ್ದರಿಂದ ಹುಟ್ಟುವಾಗಿನ ಬೆಲೆಯನ್ನು (ಆನ್ ಅಥವಾ ಆಫ್ ಎಂಬುದನ್ನು) ಒಳಗೆ ಹಿಡಿದಿಟ್ಟುಕೊಳ್ಳದೆ, ಕೇಳಿದಾಗಲೆಲ್ಲ ಸ್ವಿಚ್‌ನ ಈಗಿನ ಬೆಲೆಯನ್ನೇ ಓದಿ ಹೇಳಬೇಕು.

ತುಂಗೆಯ_ದಡ

ಅರ್ಧ ಗೆದ್ದೆ. ಟ್ಯಾಬ್ ಒತ್ತಿ ಬೇರೆಡೆ ಹೋಗಿ ಮರಳಿ ಬಂದರೆ ಸರಿಯಾದ ಸ್ಥಿತಿ ಕೇಳುತ್ತದೆ, ಲಾಗ್‌ನಲ್ಲಿ 1048596 ಎಂದೇ ಬಂತು. ಆದರೆ ಅಲ್ಲೇ ನಿಂತು ಸ್ಪೇಸ್ ಒತ್ತಿದರೆ ಎನ್‌ವಿಡಿಎ ಏನೂ ಹೇಳುವುದಿಲ್ಲ. ‘ಆಕ್ಸೆಸಿಬಿಲಿಟಿ ನೋಟಿಫೈ ಕ್ಲೈಂಟ್ಸ್’ ಕರೆದು ‘ಸ್ಟೇಟ್ ಚೇಂಜ್’ ಘಟನೆಯನ್ನೂ, ಅಂದರೆ ಸ್ಥಿತಿ ಬದಲಾಯಿತೆಂಬ ಸುದ್ದಿಯನ್ನೂ, ಕಳಿಸುತ್ತಿದ್ದೇನೆ.

ಕೊಡಚಾದ್ರಿ_ಜಾವಾ

ಜಾವಾದಲ್ಲಿಯೂ ಹೀಗೆಯೇ ಆಗುತ್ತದೆ; ಸ್ಥಿತಿ ಬದಲಾದಾಗ ಸುದ್ದಿ ಹೋಗದಿದ್ದರೆ ಮೌನ. ನೀವು ಘಟನೆಯನ್ನು ಬೆಲೆ ಬದಲಿಸುವ ಮೊದಲೇ ಕಳಿಸುತ್ತಿರಬಹುದು.

ತುಂಗೆಯ_ದಡ

ಇಲ್ಲ, ಬೆಲೆ ಬದಲಾದ ನಂತರವೇ ಕಳಿಸುತ್ತಿದ್ದೇನೆ. ಕರೆಯುವಾಗ ಎರಡನೆಯ ಜಾಗದಲ್ಲಿ 0 ಕೊಟ್ಟಿದ್ದೇನೆ, ಏಕೆಂದರೆ ಇದಕ್ಕೆ ಮಕ್ಕಳಿಲ್ಲ (ಇದರೊಳಗೆ ಬೇರೆ ವಸ್ತುಗಳಿಲ್ಲ), ಇರುವುದೊಂದೇ ವಸ್ತು.

ಮಂಡಗದ್ದೆ_ಹಕ್ಕಿ

ಆ 0 ಅನ್ನು -1 ಮಾಡಿ.

ಕಾರಣ ಹೀಗಿದೆ. ವಿಂಡೋಸ್‌ನ ಮಟ್ಟದಲ್ಲಿ 0 ಎಂದರೆ ಆ ಕಂಟ್ರೋಲ್ ತಾನೇ, 1 ಎಂದರೆ ಅದರ ಮೊದಲ ಮಗು. ಆದರೆ ವಿನ್‌ಫಾರ್ಮ್ಸ್ ಮಕ್ಕಳನ್ನು 0ಯಿಂದ ಎಣಿಸುತ್ತದೆ. ನೀವು ಕೊಟ್ಟ ಸಂಖ್ಯೆಗೆ ಒಂದನ್ನು ಕೂಡಿಸಿ ಕೆಳಗೆ ಕಳಿಸುತ್ತದೆ. ಹೀಗಾಗಿ ನಿಮ್ಮ 0 ಅಲ್ಲಿಗೆ 1 ಆಗಿ ಹೋಯಿತು, ಅಂದರೆ ಇಲ್ಲದ ಮೊದಲ ಮಗುವಿನ ಸ್ಥಿತಿ ಬದಲಾಯಿತೆಂಬ ಸುದ್ದಿ ಹೊರಟಿತು. ಎನ್‌ವಿಡಿಎ ಗಮನಿಸುತ್ತಿರುವುದು ಫೋಕಸ್ ಇರುವ ಸ್ವಿಚ್ಚನ್ನು. ಬೇರೆ ಯಾರದೋ ಸುದ್ದಿಯೆಂದು ಅದನ್ನು ಬಿಟ್ಟುಬಿಟ್ಟಿತು. ವಿನ್‌ಫಾರ್ಮ್ಸ್‌ನ ಸ್ವಂತ ಚೆಕ್ ಬಾಕ್ಸ್ ಕೂಡ ಒಳಗೆ -1 ಕೊಟ್ಟೇ ಈ ಘಟನೆಯನ್ನು ಕಳಿಸುತ್ತದೆ.

ಆ ಸುದ್ದಿಯಲ್ಲಿ ಹೊಸ ಸ್ಥಿತಿ ಇರುವುದಿಲ್ಲ ಎಂಬುದನ್ನೂ ನೆನಪಿಡಿ. ಅದು ಬಾಗಿಲು ಬಡಿದ ಸದ್ದಿನಂತೆ. ಸದ್ದು ಕೇಳಿದ ಎನ್‌ವಿಡಿಎ ಬಂದು ನಿಮ್ಮ ಸ್ಟೇಟ್ ಏನೆಂದು ಕೇಳುತ್ತದೆ. ಆದ್ದರಿಂದಲೇ ಎರಡೂ ಬೇಕು.

ಸಾಗರ_ಲಿನಕ್ಸ್

ಇಷ್ಟೆಲ್ಲ ಮಾಡುವ ಬದಲು ಸಾಮಾನ್ಯ ಚೆಕ್ ಬಾಕ್ಸ್‌ನಿಂದಲೇ ಸ್ವಿಚ್ಚನ್ನು ಹುಟ್ಟಿಸಿ, ಬಣ್ಣ ಬಳಿಯುವ ಭಾಗವನ್ನು ಮಾತ್ರ ಓವರ್‌ರೈಡ್ ಮಾಡಿದ್ದರೆ ಸ್ಥಿತಿ, ಘಟನೆ, ಸ್ಪೇಸ್ ಕೀಲಿ ಎಲ್ಲವೂ ತಾನಾಗಿಯೇ ಬರುತ್ತಿದ್ದವಲ್ಲ?

ಮಂಡಗದ್ದೆ_ಹಕ್ಕಿ

ನಿಜ. ಹೊಸದಾಗಿ ಬರೆಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ಈ ಮಾತನ್ನು ನಾನೇ ಮೊದಲು ಹೇಳಬೇಕಿತ್ತು.

ತುಂಗೆಯ_ದಡ

-1 ಕೊಟ್ಟೆ. ಸ್ಪೇಸ್ ಒತ್ತಿದ ಕೂಡಲೇ ‘ಚೆಕ್ಡ್’, ಮತ್ತೆ ಒತ್ತಿದರೆ ‘ನಾಟ್ ಚೆಕ್ಡ್’. ನಿನ್ನೆ ತೀರ್ಥಹಳ್ಳಿಗೆ ಹೋಗಿ ಮೇಡಂ ಅವರ ಯಂತ್ರದಲ್ಲೇ ಹಾಕಿ ಬಂದೆ. ಅವರು ಮೂರು ಸ್ವಿಚ್‌ಗಳನ್ನೂ ಒಂದೊಂದಾಗಿ ಒತ್ತಿ ಕೇಳಿಸಿಕೊಂಡು, ಹಳೆಯ ಪಟ್ಟಿಯೊಂದನ್ನು ತೆರೆದು ಒತ್ತಿ ನೋಡಿ, ಆಮೇಲೆ ‘ಈಗ ಪಕ್ಕದವರನ್ನು ಕರೆದು ಕೇಳುವುದು ಬೇಡ’ ಎಂದರು. ಮುಂದಿನ ಆವೃತ್ತಿಯಲ್ಲಿ ಸ್ವಿಚ್ಚನ್ನು ಚೆಕ್ ಬಾಕ್ಸ್‌ನಿಂದಲೇ ಹುಟ್ಟಿಸುತ್ತೇನೆ.

ಅವರೇ ತೋರಿಸಿದ ಇನ್ನೊಂದು ತೊಂದರೆಯಿದೆ. ಅಡಿಕೆಯ ಬಗೆ ಆರಿಸಲು ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ನಾಲ್ಕು ಗುಂಡಿಗಳನ್ನು ಒಂದೇ ಕಂಟ್ರೋಲ್‌ನೊಳಗೆ ಬಿಡಿಸಿದ್ದೇನೆ. ಅಲ್ಲಿ ಫೋಕಸ್ ಬಂದಾಗ ‘ಅಡಿಕೆಯ ಬಗೆ’ ಎಂಬುದಷ್ಟೇ ಕೇಳುತ್ತದೆ. ಯಾವುದು ಆಯ್ಕೆಯಾಗಿದೆಯೆಂದು ತಿಳಿಯುವುದಿಲ್ಲ.

ಮಂಡಗದ್ದೆ_ಹಕ್ಕಿ

ಅಲ್ಲಿ ನಿಜವಾಗಿಯೂ ಮಕ್ಕಳು ಬೇಕು. ನಾಲ್ಕು ಮಕ್ಕಳಿದ್ದಾರೆಂದು ಎಣಿಕೆ ಕೊಟ್ಟು, ಪ್ರತಿಯೊಂದಕ್ಕೂ ಹೆಸರು, ಪಾತ್ರ, ಸ್ಥಿತಿ, ಪರದೆಯ ಮೇಲಿನ ಜಾಗ ಎಲ್ಲವನ್ನೂ ಕೊಡಬೇಕು. ಬಾಣದ ಕೀಲಿ ಒತ್ತಿದಾಗ ಫೋಕಸ್ ಯಾವ ಮಗುವಿಗೆ ಹೋಯಿತೆಂಬ ಘಟನೆಯನ್ನೂ ಕಳಿಸಬೇಕು. ರಾಶಿ ಮೊದಲ ಮಗುವಾದರೆ ಅದಕ್ಕೆ ಕೊಡಬೇಕಾದ ಸಂಖ್ಯೆ 0. ಇಲ್ಲವೇ ನಾಲ್ಕು ರೇಡಿಯೊ ಬಟನ್‌ಗಳನ್ನು ಒಂದು ಗ್ರೂಪ್ ಬಾಕ್ಸ್‌ನೊಳಗೆ ಹಾಕಿ, ಮೇಲೆ ನಿಮ್ಮ ಬಣ್ಣ ಬಳಿಯಿರಿ.

ಕಿವಿಯೋದು

ನಾಲ್ಕು ರೇಡಿಯೊ ಬಟನ್‌ಗಳನ್ನೇ ಹಾಕಿ. ಬಿಡುಗಡೆಗೆ ಮೊದಲು ನನಗೆ ಒಂದು ಪ್ರತಿ ಕಳಿಸಿ. ಪರದೆಯನ್ನು ಆಫ್ ಮಾಡಿಯೇ ಇಡೀ ಪಟ್ಟಿಯೊಂದನ್ನು ಬರೆದು ನೋಡಿ ಹೇಳುತ್ತೇನೆ.

ತುಂಗೆಯ_ದಡ

ಭಾನುವಾರದೊಳಗೆ ಕಳಿಸುತ್ತೇನೆ ಸರ್.