ಆ 11 ಮೂಟೆಗಳನ್ನು ಇನ್ನೂ ಗಾಡಿಗೆ ಏರಿಸಬೇಡಿ

ಮಗಳೇ, ನಿನ್ನೆ ರಾತ್ರಿ ನೀನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದನ್ನು ಈಗಷ್ಟೇ ನೋಡಿದೆ. ಮೂರು ದಿನದಿಂದ ಇಲ್ಲಿ ಕರೆಂಟಿಲ್ಲ, ಗದ್ದೆಯ ಏರಿಯವರೆಗೆ ಬಂದರೆ ಮಾತ್ರ ಟವರ್ ಸಿಗುತ್ತದೆ; ಒಲೆಯ ಮೇಲೆ ಆಟಿ ಸೊಪ್ಪಿನ ಪಾಯಸ ಇಟ್ಟು, ಕೊಡೆ ಹಿಡಿದುಕೊಂಡು ನಿಂತೇ ಮಾತನಾಡುತ್ತಿದ್ದೇನೆ. ಕೇರಳದ ವಯನಾಡಿನಲ್ಲಿ ಈ 2024ರ ಜುಲೈ 30ರಂದು ಗುಡ್ಡ ಜರಿದು ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದದ್ದನ್ನು ಟಿ.ವಿ.ಯಲ್ಲಿ ನೋಡಿ ನಿನಗೆ ನಿದ್ದೆ ಬರುತ್ತಿಲ್ಲ. ನಿನ್ನ ಅಪಾರ್ಟ್‌ಮೆಂಟಿನವರು ಸೇರಿಸಿದ 11 ಮೂಟೆ ಬಟ್ಟೆ ಮತ್ತು 40 ಪೆಟ್ಟಿಗೆ ನೀರಿನ ಬಾಟಲಿ ಗೋಣಿಕೊಪ್ಪದಲ್ಲಿ ನಿನ್ನ ಭಾವನ ಮನೆಗೆ ಬಂದಿಳಿದಿವೆ. ಅವನ ಪಿಕಪ್‌ನಲ್ಲಿ ಗಡಿಯ ಕುಟ್ಟ, ತೋಲ್ಪೆಟ್ಟಿ ದಾಟಿಸಿ ಅಲ್ಲಿಗೆ ಕಳುಹಿಸೋಣವೇ, ಹಣ ಕೊಡುವುದಾದರೆ ಎಲ್ಲಿಗೆ, ಕೊಟ್ಟರೆ ಯಾರಾದರೂ ನುಂಗಿಬಿಡುತ್ತಾರಲ್ಲವೇ ಎಂದು ಕೇಳಿದ್ದೀಯೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿಯವರನ್ನು ಕೇಳದೆ ಬಟ್ಟೆ ಕಳುಹಿಸಬೇಡ.

2018ರ ಆಗಸ್ಟ್‌ನಲ್ಲಿ ನಾನು ಎಲ್ಲಿದ್ದೆನೆಂದು ನಿಮಗೆಲ್ಲ ಗೊತ್ತೇ ಇದೆ. ನಮ್ಮ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಕಡೆಗಳಲ್ಲೆಲ್ಲ ಗುಡ್ಡದ ಬರೆ ಜರಿದು ಜನರು ಉಟ್ಟ ಬಟ್ಟೆಯಲ್ಲಿ ಓಡಿ ಬಂದಾಗ, ನಿವೃತ್ತ ಟೀಚರ್, ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಮಡಿಕೇರಿಯ ಒಂದು ಪರಿಹಾರ ಕೇಂದ್ರದ ಸ್ಟಾಕ್ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಜೋಡುಪಾಲದಲ್ಲಿ ರಸ್ತೆ ಮುಚ್ಚಿಹೋಗಿದ್ದರಿಂದ ನಮ್ಮ ಕೇಂದ್ರಕ್ಕೆ ಬರುವುದೆಲ್ಲ ಕುಶಾಲನಗರದ ಕಡೆಯಿಂದಲೇ ಬರಬೇಕಿತ್ತು. ಮೂರನೆಯ ದಿನ ರಾತ್ರಿ 11 ಗಂಟೆಗೆ, ಎರಡೂ ಬದಿಗೆ ಬ್ಯಾನರ್ ಕಟ್ಟಿಕೊಂಡು ಒಂದು ಲಾರಿ ಬಂದು ನಿಂತಿತು. ಟಾರ್ಪಾಲು ಸರಿಯಾಗಿ ಹೊದಿಸದೆ ಮೇಲಿನ ಮೂಟೆಗಳು ನೀರು ಕುಡಿದು ಕಲ್ಲಿನಂತಾಗಿದ್ದವು. ಬಿಚ್ಚಿ ನೋಡಿದರೆ ಜರಿ ಸೀರೆ, ಮದುವೆಯ ಕೋಟು, ಲಾಡಿಯಿಲ್ಲದ ಲಂಗ, ಜೊತೆಯಿಲ್ಲದ ಒಂಟಿ ಶೂ, ಯಾವುದೋ ಶಾಲೆಯ ಯೂನಿಫಾರ್ಮು. ಆ ಚಳಿಗೆ ಬೇಕಾದ ಸ್ವೆಟರ್ ಹುಡುಕಿದರೆ ಕೈಬೆರಳೆಣಿಕೆಯಷ್ಟೂ ಸಿಗಲಿಲ್ಲ. ಅದನ್ನೆಲ್ಲ ಇಡುವುದಕ್ಕೆ ಬೇರೆ ಜಾಗವಿಲ್ಲದೆ ಮೂರು ಸಂಸಾರಗಳನ್ನು ಒಳಗಿನ ಕೋಣೆಯಿಂದ ಎಬ್ಬಿಸಿ ಜಗಲಿಯಲ್ಲಿ ಮಲಗಿಸಿದೆವು. ಹೌದು, ಬಟ್ಟೆಗಾಗಿ ಮನುಷ್ಯರನ್ನು ಹೊರಗೆ ಮಲಗಿಸಿದೆವು. ಎಂಟು ಜನ ನಾಲ್ಕು ದಿನ ಕುಳಿತು ವಿಂಗಡಿಸಿದರೂ ಮುಗಿಯಲಿಲ್ಲ, ಐದನೆಯ ದಿನಕ್ಕೆ ಬೂಷ್ಟು ಹಿಡಿದು ಕೋಣೆಯೊಳಗೆ ಮೂಗು ಬಿಡುವಂತಿರಲಿಲ್ಲ.

ಅದರ ನಡುವೆ ಮುಕ್ಕೋಡ್ಲು ಕಡೆಯ ಒಬ್ಬ ಹೆಂಗಸು, ನನ್ನದೇ ವಯಸ್ಸಿನವರು, ಎರಡು ದಿನ ಬಾಯಿ ಬಿಡದೆ ಗೋಡೆಗೆ ಒರಗಿ ಕುಳಿತಿದ್ದವರು, ಮೆಲ್ಲನೆ ಹತ್ತಿರ ಬಂದು ನನ್ನ ಕಿವಿಯಲ್ಲಿ ಕೇಳಿದರು. ಅವರಿಗೆ ಬೇಕಾಗಿದ್ದದ್ದು ಎರಡು ಜೊತೆ ಒಳ ಉಡುಪು ಮತ್ತು ಬಿ.ಪಿ. ಮಾತ್ರೆ. ಆ ಬಟ್ಟೆಯ ಬೆಟ್ಟದಲ್ಲಿ ಅವರ ಅಳತೆಯ ಒಂದು ಒಳ ಉಡುಪೂ ಇರಲಿಲ್ಲ. ನನ್ನ ಬಳಿ ಸ್ಟಾಕ್ ಪುಸ್ತಕವಿತ್ತು, ನಗದು ಇರಲಿಲ್ಲ. ಕೊನೆಗೆ ನನ್ನ ಪರ್ಸಿನಿಂದ 500 ರೂಪಾಯಿ ತೆಗೆದು ನಾನೇ ಪೇಟೆಗೆ ಹೋದೆ. ಅಂಗಡಿಯವರು ಅರ್ಧ ಶಟರ್ ಎತ್ತಿ ಸುಮ್ಮನೆ ಕುಳಿತಿದ್ದರು. ಸಾಮಾನೆಲ್ಲ ಕಪಾಟಿನಲ್ಲೇ ಇತ್ತು. "ಟೀಚರೇ, ಐದು ದಿನದಿಂದ ಬೋಣಿಯೇ ಆಗಿಲ್ಲ" ಎಂದರು. ನೂರಾರು ಮೈಲಿ ದೂರದಿಂದ ಡೀಸೆಲ್ ಸುಟ್ಟು ಬೇಡದ ಬಟ್ಟೆ ಬರುತ್ತಿದ್ದಾಗ, ಬೇಕಾದ ಬಟ್ಟೆ ಕೇಂದ್ರದಿಂದ ಒಂದು ಫರ್ಲಾಂಗು ದೂರದಲ್ಲಿ ಕೊಳ್ಳುವವರಿಲ್ಲದೆ ಕುಳಿತಿತ್ತು. ಉಳಿದ ಮೂಟೆಗಳನ್ನು ಸಾಗಹಾಕುವುದಕ್ಕೆ ಟ್ರ್ಯಾಕ್ಟರ್ ಬಾಡಿಗೆಯನ್ನೂ ನಾವೇ ಹೊಂದಿಸಬೇಕಾಯಿತು. ಇದು ನಮ್ಮೂರಿನ ಕಥೆ ಮಾತ್ರವಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲೂ ಹಳೆಯ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು.

ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಕೇಳಿಸಿಕೊಳ್ಳದವರು ಈ ವಾಯ್ಸ್ ಮೆಸೇಜನ್ನು ಹಿಂದಕ್ಕೆ ತಿರುಗಿಸಿ ಕೇಳಿ: ಅಲ್ಲಿಯವರನ್ನು ಕೇಳದೆ ಬಟ್ಟೆ ಕಳುಹಿಸಬೇಡಿ. ನೀರಿನ ಬಾಟಲಿಯೂ ಅಷ್ಟೇ. ಪೆಟ್ಟಿಗೆಗೆ 12 ಲೀಟರ್ ಎಂದು ಹಿಡಿದರೂ 480 ಕಿಲೋ ಆಯಿತು. ಚೂರಲ್‌ಮಲದಲ್ಲಿ ಸೇತುವೆ ಕೊಚ್ಚಿಹೋಗಿ, ಸೈನ್ಯದವರು ಮೊನ್ನೆಯಷ್ಟೇ ಉಕ್ಕಿನ ತುಂಡುಗಳನ್ನು ಜೋಡಿಸಿ ತಾತ್ಕಾಲಿಕ ಬೈಲಿ ಸೇತುವೆ ಕಟ್ಟಿ ಮುಗಿಸಿದ್ದಾರೆ. ಆ ದಾರಿಯಲ್ಲಿ ಈಗ ಓಡಾಡಬೇಕಾದದ್ದು ಜೆ.ಸಿ.ಬಿ. ಮತ್ತು ಆಂಬುಲೆನ್ಸ್, ನಿನ್ನ ಭಾವನ ಪಿಕಪ್ ಅಲ್ಲ.

ಹಣ ನುಂಗುತ್ತಾರೆ ಎಂದೆಯಲ್ಲ, ಅದಕ್ಕೆ ನನ್ನದೊಂದು ಹಳೆಯ ನೋವಿದೆ, ಇವತ್ತು ಹೇಳಿಯೇ ಬಿಡುತ್ತೇನೆ. ಆ ವರ್ಷ ನಮ್ಮ ಕುಟುಂಬದವರೇ ಸೇರಿಸಿದ 38,500 ರೂಪಾಯಿ ನನ್ನ ಕೈಯಲ್ಲಿತ್ತು. ಅದರಲ್ಲಿ ಆಸ್ಪತ್ರೆಗೆ ಹೋಗುವವರ ಬಸ್ ಚಾರ್ಜ್, ಕಳೆದುಹೋದ ಕಾಗದಪತ್ರಗಳಿಗೆ ಅರ್ಜಿ ಹಾಕಲು ಜೆರಾಕ್ಸ್ ಮತ್ತು ಫೋಟೋ, ಮೂವರು ಹಿರಿಯರಿಗೆ ಕನ್ನಡಕ, ಮಕ್ಕಳಿಗೆ ನೋಟ್ ಪುಸ್ತಕ, ಬದುಕುಳಿದ ದನಗಳಿಗೆ ಹಿಂಡಿ, ಎಲ್ಲವನ್ನೂ ದಿನಾಂಕ ಹಾಕಿ ಬರೆದಿಟ್ಟೆ. ಹುತ್ತರಿ ಹಬ್ಬದ ದಿನ ಆ ಪುಸ್ತಕವನ್ನು ಕುಟುಂಬದ ಮೂಲ ಮನೆಯಾದ ಐನ್‌ಮನೆಯ ಜಗಲಿಯಲ್ಲಿ ಇಟ್ಟರೆ ಒಬ್ಬರಾದರೂ ತೆರೆದು ನೋಡಿದಿರಾ? ನೋಡಲಿಲ್ಲ. ಬದಲಿಗೆ, ಆ ಬ್ಯಾನರ್ ಲಾರಿಯ ಮುಂದೆ ನಿಂತು ಫೋಟೋ ಹೊಡೆಸಿಕೊಂಡ ನಮ್ಮವರೇ ಒಬ್ಬರು, ಈ ಗುಂಪಿನಲ್ಲಿಯೇ ಇದ್ದಾರೆ, ಹೆಸರು ಹೇಳುವುದಿಲ್ಲ, ನನ್ನನ್ನು ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸುವವಳು ಎಂದು ಎಲ್ಲರೆದುರು ನಗೆಯಾಡಿದರು. ಆ ಲಾರಿಯ ಬಟ್ಟೆ ಏನಾಯಿತೆಂದು ಅವರನ್ನು ಯಾರೂ ಕೇಳಲಿಲ್ಲ. ಬಟ್ಟೆ ಕೊಳೆತರೆ ಅದು ದಾನ, ಹಣವೆಂದ ಕೂಡಲೇ ಎಲ್ಲರಿಗೂ ಕಳ್ಳತನದ ನೆನಪು. ಲಾರಿಗಳೆಲ್ಲ ಒಂದು ತಿಂಗಳಲ್ಲಿ ನಿಂತುಹೋದವು. ಮನೆ ಕಳೆದುಕೊಂಡವರಿಗೆ ಜಂಬೂರಿನಲ್ಲಿ ಹೊಸ ಮನೆಗಳ ಕೀಲಿಕೈ ಕೊಟ್ಟದ್ದು 2020ರಲ್ಲಿ. ಆ ನಡುವಿನ ದಿನಗಳಲ್ಲಿ ಆ ಜನರ ಬಾಡಿಗೆ, ಮಕ್ಕಳ ಫೀಸು ಹೇಗೆ ನಡೆಯಿತೆಂದು ಬ್ಯಾನರಿನವರಿಗೆ ಗೊತ್ತಿದೆಯೇ? ಹೋಗಲಿ ಬಿಡಿ, ಆರು ವರ್ಷವಾಯಿತು.

ಅಯ್ಯೋ, ನೀನು ಕೇಳಿದ್ದು ಹಣ ಕೊಡುವುದಾದರೆ ಎಲ್ಲಿಗೆ ಎಂದಲ್ಲವೇ, ಅದನ್ನು ಹೇಳದೆ ಪಾಯಸ ಸೀದುಹೋಗುವಷ್ಟು ಹೊತ್ತು ಮಾತನಾಡಿದೆ. ಕೇರಳದ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅವರದೇ ಅಧಿಕೃತ ವೆಬ್‌ಸೈಟಿಗೆ ಹೋಗಿ ಕಟ್ಟು. ವಿಳಾಸವನ್ನು ನೀನೇ ಟೈಪ್ ಮಾಡು. ವಾಟ್ಸಾಪಿನಲ್ಲಿ ಯಾರೋ ಕಳುಹಿಸಿದ ಕ್ಯೂಆರ್ ಕೋಡನ್ನು, ಅದು ನಾನೇ ಕಳುಹಿಸಿದ್ದಾದರೂ, ಸ್ಕ್ಯಾನ್ ಮಾಡಬೇಡ, ಇಂಥ ಹೊತ್ತಿನಲ್ಲೇ ಕಳ್ಳರು ಹುಟ್ಟಿಕೊಳ್ಳುತ್ತಾರೆ. ರಸೀದಿ ಇಟ್ಟುಕೋ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅಷ್ಟೂ ಮೊತ್ತಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ಆದರೆ 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಸಿಗುವುದಿಲ್ಲ, ಬಟ್ಟೆಬರೆಗಂತೂ ಇಲ್ಲವೇ ಇಲ್ಲ. ವಸ್ತುವನ್ನೇ ಕೊಡಬೇಕೆನ್ನುವವರು ವಯನಾಡು ಜಿಲ್ಲಾಡಳಿತದ ಕಂಟ್ರೋಲ್ ರೂಮಿಗೆ ಮೊದಲು ಫೋನ್ ಮಾಡಿ, ಇವತ್ತು ಏನು ಬೇಕು, ಎಷ್ಟು ಬೇಕು, ಎಲ್ಲಿ ಇಳಿಸಬೇಕು ಎಂದು ಕೇಳಲಿ. ಬೇಕೆಂದರೆ ಹೊಸದನ್ನೇ ಕೊಂಡು, ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆ ತುಂಬಿ, ಒಳಗೇನಿದೆ, ಯಾವ ಅಳತೆ ಎಂದು ಹೊರಗೆ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆಸಲಿ. ಸಾಧ್ಯವಾದರೆ ಮಾನಂದವಾಡಿಯಲ್ಲೋ ಕಲ್ಪೆಟ್ಟದಲ್ಲೋ ಕೊಳ್ಳಲಿ, ಅಲ್ಲಿಯ ಅಂಗಡಿಯವರಿಗೂ ಬೋಣಿಯಾಗಬೇಕಲ್ಲ.

ನಿನ್ನ ಭಾವನಿಗೆ ಗಾಡಿ ಹೊರಡಿಸಬೇಡವೆಂದು ನಾನೇ ಫೋನ್ ಮಾಡುತ್ತೇನೆ. ನಾಳೆ ಭಾನುವಾರ, ಮೊದಲ ಬಸ್ಸಿಗೆ ಗೋಣಿಕೊಪ್ಪಕ್ಕೆ ಬಂದು ಆ 11 ಮೂಟೆಗಳನ್ನು ಬಿಚ್ಚಿಸಿ ವಿಂಗಡಿಸುತ್ತೇನೆ. ಅಲ್ಲಿಯವರೆಗೆ ಅವುಗಳನ್ನು ನೆಲದ ಮೇಲೆ ಇಡಬೇಡಿ, ಹಲಗೆ ಹಾಕಿ ಅದರ ಮೇಲಿಡಿ.